ಅಣ್ಣನ ಏಣಿ, ನನ್ನ ನೀರುಕೋಲು

ನನಗೆ ಎತ್ತರ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಎತ್ತರದ ಕಟ್ಟಡಗಳ ಗಾಜು ತೊಳೆಯುವುದೇ ನನ್ನ ಕಸುಬು ಅಂತ ಆಮೇಲೆ ಹೇಳಿದಾಗ ನೀವು ಹೇಗೂ ನಗುತ್ತೀರಿ. ಭಯವನ್ನು ಮುಚ್ಚಿಟ್ಟಿದ್ದೆ ಅನ್ನುವ ಮಾತೂ ಅದರ ಜೊತೆಗೆ ಬೇಡ. ಅಟ್ಟದ ಮೇಲಿನ ಬುಟ್ಟಿ ಇಳಿಸಲು ಸ್ಟೂಲು ಹತ್ತಿದರೂ ನನ್ನ ಮೊಣಕಾಲು ಬೇರೆ ಯಾರದ್ದೋ ಅನ್ನಿಸುತ್ತದೆ. ಎಂಟೋ ಒಂಬತ್ತೋ ವರ್ಷದವನಿದ್ದಾಗ ಮಾವಿನ ಮರ ಹತ್ತಿ, ಇಳಿಯಲಾರದೆ ಕೊಂಬೆ ತಬ್ಬಿಕೊಂಡು ಕೂತಿದ್ದ ನನ್ನನ್ನು ಅಣ್ಣ ಬೆನ್ನ ಮೇಲೆ ಹೊತ್ತು ಇಳಿಸಿದ್ದ. ಪಾಲಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಅದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ನಾನು ಎಷ್ಟೇ ಇಸ್ತ್ರಿ ಅಂಗಿ ಹಾಕಿಕೊಂಡು ಓಡಾಡಿದರೂ ಅವರಿಗೆ ಮೊದಲು ನೆನಪಾಗುವುದು ಆ ಮಾವಿನ ಮರವೇ.

ನಮ್ಮದು ಮರಗೆಲಸದ ಮನೆ. ಅಪ್ಪ ಮಾಡಿದ ಕಿಟಕಿಗಳು ಶ್ರೀರಂಗಪಟ್ಟಣದ ಸುತ್ತಮುತ್ತ ಇನ್ನೂ ಎಷ್ಟೋ ಮನೆಗಳಲ್ಲಿವೆ. ಚಿಕ್ಕ ಚಿಕ್ಕ ಬಾಗಿಲಿನವು, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯುವಂಥವು. ಅಣ್ಣನ ಕಾಲಕ್ಕೆ ಮರ ಹೋಗಿ ಅಲ್ಯೂಮಿನಿಯಂ ಬಂತು, ಆಮೇಲೆ ಗೋಡೆಗೆ ಗೋಡೆಯೇ ಗಾಜಾಯಿತು. ಅಣ್ಣ ಗಾಜು ಕೂರಿಸುವುದನ್ನು ಕಲಿತ. ಕೂರಿಸಿದ ಗಾಜಿಗೆ ಧೂಳು ಕೂತಾಗ ತೊಳೆಯಲೂ ಜನ ಅವನನ್ನೇ ಕರೆದರು. ಪಾಂಡವಪುರದ ನರ್ಸಿಂಗ್ ಹೋಮು, ಕೆ.ಆರ್. ಪೇಟೆಯ ಬಟ್ಟೆ ಅಂಗಡಿ, ನಾಗಮಂಗಲದ ಕಲ್ಯಾಣ ಮಂಟಪ, ಎಲ್ಲ ಕಡೆಯೂ ಅವನ ಮಡಚುವ ಏಣಿ ಹೋಗಿ ನಿಂತಿತ್ತು. ಹೆಗಲ ಮೇಲೆ ಒಂದು ಬಟ್ಟೆ, ಸೊಂಟಕ್ಕೆ ಒಂದು ಬಾಟಲಿ ಸೋಪಿನ ನೀರು, ಬಾಯಲ್ಲಿ ಎಲೆ ಅಡಿಕೆ. ಮೂರನೇ ಅಂತಸ್ತಿನ ಎತ್ತರದಲ್ಲಿ ನಿಂತು ಕೆಳಗಿನವರ ಜೊತೆ ಊರಿನ ಸಮಾಚಾರ ಮಾತಾಡುತ್ತಿದ್ದ.

ನಾನು ಮೈಸೂರಿನಲ್ಲಿ ಹೌಸ್‌ಕೀಪಿಂಗ್ ಕಂಟ್ರಾಕ್ಟರ್ ಒಬ್ಬರ ಹತ್ತಿರ ಹನ್ನೆರಡು ವರ್ಷದಿಂದ ಸೂಪರ್‌ವೈಸರ್ ಆಗಿದ್ದೆ. ಬೇರೆಯವರು ಗುಡಿಸುವುದನ್ನು ನಿಂತು ನೋಡುವುದು, ನೋಡಿದ್ದಕ್ಕೆ ಸಹಿ ಹಾಕುವುದು, ಇಷ್ಟೇ ಕೆಲಸ. ಹೀಗೆ ನೋಡುತ್ತಾ ನಿಂತಿದ್ದಾಗಲೇ ಆ ಉದ್ದನೆಯ ಕೋಲು ನನ್ನ ಕಣ್ಣಿಗೆ ಬಿದ್ದದ್ದು. ಒಂದರೊಳಗೊಂದು ಸೇರಿದ ಕೊಳವೆಗಳು. ಎಳೆದರೆ ಮೂವತ್ತೈದು ಅಡಿ ಆಗುತ್ತದೆ. ತುದಿಯಲ್ಲಿ ಬ್ರಷ್ಷು. ಕೋಲಿನ ಒಳಗೆ ಸಣ್ಣ ಪೈಪು ಹಾದು ಹೋಗಿ ಬ್ರಷ್ಷಿನ ಬಾಯಲ್ಲಿ ನೀರು ಬಿಡುತ್ತದೆ. ಕೆಲಸಗಾರ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ನಿಂತಿರುತ್ತಾನೆ, ಮೂರನೇ ಅಂತಸ್ತಿನ ಗಾಜು ತೊಳೆದುಹೋಗುತ್ತದೆ. ಮೂರು ವರ್ಷ ನಾನು ಅದನ್ನು ನೋಡಿದೆ. ನೋಡಿದ್ದರಿಂದ ಅದು ನನಗೆ ಬರುತ್ತದೆ ಅಂದುಕೊಂಡೆ. ಸೂಪರ್‌ವೈಸರ್ ಕೆಲಸದಲ್ಲಿ ಇದೊಂದು ತೊಂದರೆ.

ಆ ಹೊತ್ತಿಗೆ ಅಣ್ಣ ಬಿದ್ದ. ಕೆ.ಆರ್. ಪೇಟೆಯ ಬಟ್ಟೆ ಅಂಗಡಿಯ ಮುಂದೆ ಏಣಿಯ ಕಾಲು ಒದ್ದೆ ಟೈಲ್ಸಿನ ಮೇಲೆ ಜಾರಿತು. ಸೊಂಟದ ಮೂಳೆ ಬಿರುಕು ಬಿಟ್ಟು ಮೂರು ತಿಂಗಳು ಮಲಗಿದ. ನಾಲ್ಕನೇ ತಿಂಗಳು ಎದ್ದು ಕೋಲೂರಿಕೊಂಡು ಅಂಗಳ ಸುತ್ತಿದವನು ಮೊದಲು ಹುಡುಕಿದ್ದು ಏಣಿಯನ್ನು. ಅತ್ತಿಗೆ ಅದನ್ನು ಕೊಟ್ಟಿಗೆಯ ಹಿಂದೆ ಹುಲ್ಲಿನ ಕೆಳಗೆ ಬಚ್ಚಿಟ್ಟಿದ್ದರು, ಆದರೂ ಸಿಕ್ಕಿತು. ಆ ಭಾನುವಾರ ನಾನು ಊರಿಗೆ ಹೋದಾಗ ಅತ್ತಿಗೆ ಹಾಲು ಕರೆಯುತ್ತಿದ್ದವರು ಎದ್ದು ಬಂದರು. ಅವರು ನಾಗಮಂಗಲದ ಹತ್ತಿರದ ಬಿಂಡಿಗನವಿಲೆ ಕಡೆಯವರು, ಮಾತು ಬಹಳ ಕಡಿಮೆ.

"ಇಬ್ರೂ ಒಂದೇ ಒಟ್ಟೇಲಿ ಉಟ್ಟಿರೋರು ನೀವು," ಅಂದರು. "ನಿಂಗೆ ಏಣಿ ಅತ್ತಾಕೆ ಭಯ, ಅವರ್ಗೆ ಏಣಿ ಬುಡಾಕೆ ಭಯ. ಎಂಗಾದ್ರೂ ಮಾಡಿ ಇಳ್ಸಪ್ಪ ನಿಮ್ಮಣ್ಣನ್ನ. ಇನ್ನೊಂದ್ಸಲ ಬಿದ್ರೆ ಎತ್ತಿ ಕೂರ್ಸೋ ಶಕ್ತಿ ನನ್ ತಾವಿಲ್ಲ."

ಮರದಿಂದ ನನ್ನನ್ನು ಇಳಿಸಿದವನನ್ನು ಏಣಿಯಿಂದ ಇಳಿಸುವ ಸರದಿ ನನ್ನದು ಅನ್ನಿಸಿತು. "ನಾನಿದ್ದೀನಿ ಅತ್ಗೆ, ಬುಡಿ," ಅಂದೆ. ನಾನಿದ್ದೀನಿ ಅಂತ ನಾನು ಹೇಳಿದಾಗಲೆಲ್ಲ ಕೇಳಿದವರ ಮುಖದಲ್ಲಿ ಒಂದು ಬಗೆಯ ಚಿಂತೆ ಕಾಣಿಸುತ್ತದೆ. ಅತ್ತಿಗೆಯ ಮುಖದಲ್ಲೂ ಕಾಣಿಸಿತು.

ಸೂಪರ್‌ವೈಸರ್ ಕೆಲಸ ಬಿಟ್ಟೆ. ಕೋಲು ಕೊಂಡೆ, ಒಂದು ಮೋಟರು, ಒಂದು ಟ್ಯಾಂಕು, ಅದನ್ನೆಲ್ಲ ಹೊರಲು ಹಳೆಯ ಲಗೇಜ್ ಆಟೋ. ಕೋಲು ಮಾರಿದವನು ಸಿಲಿಂಡರಿನ ಥರದ ಒಂದು ಫಿಲ್ಟರನ್ನೂ ಕೊಟ್ಟು, ಶಾಲೆಯ ಮೇಷ್ಟರ ಹಾಗೆ ಬೆರಳೆತ್ತಿ ಹೇಳಿದ್ದ: ಈ ಕೋಲಿನಲ್ಲಿ ತೊಳೆದ ಗಾಜನ್ನು ಯಾರೂ ಒರೆಸುವುದಿಲ್ಲ, ಅದು ತಾನಾಗಿಯೇ ಆರುತ್ತದೆ. ನೀರಿನಲ್ಲಿ ಉಪ್ಪಿದ್ದರೆ ನೀರು ಆರಿಹೋಗಿ ಉಪ್ಪು ಗಾಜಿನ ಮೇಲೆ ಉಳಿಯುತ್ತದೆ. ಅದಕ್ಕೇ ಫಿಲ್ಟರಿನಲ್ಲಿ ಹಾಯಿಸದೆ ಒಂದು ಹನಿಯನ್ನೂ ಮೇಲೆ ಕಳಿಸಬೇಡಿ. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಹನ್ನೆರಡು ವರ್ಷದ ಅನುಭವವಿತ್ತು.

ಅಣ್ಣ ಕೋಲನ್ನು ಎರಡು ಸುತ್ತು ನೋಡಿ, "ಏನ್ಲಾ ಇದು, ದೋಟಿಗೆ ಬ್ರಷ್ಷು ಕಟ್ಕೊಂಡ್ ಬಂದಿದೀಯ?" ಅಂದ. ದೋಟಿ ಅಂದರೆ ತೆಂಗಿನಕಾಯಿ ಕೀಳಲು ತುದಿಗೆ ಕುಡುಗೋಲು ಕಟ್ಟಿದ ಬಿದಿರಿನ ಗಳ. ನನಗೆ ಅವಮಾನವಾಗಲಿಲ್ಲ, ಧೈರ್ಯವೇ ಬಂತು. ಮರ ಹತ್ತಲಾರದ ನಾನು ಬೆಳೆದದ್ದೇ ದೋಟಿಯ ಭರವಸೆಯಲ್ಲಿ. ಊರಿನಲ್ಲಿ ದೋಟಿ ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ, ಏಕೆಂದರೆ ಉಳಿದವರೆಲ್ಲ ಮರ ಹತ್ತುತ್ತಿದ್ದರು.

ಆ ಕೈಗುಣವೇ ನನಗೆ ಮುಳುವಾಯಿತು. ದೋಟಿಯಲ್ಲಿ ಗೊನೆಯ ಬುಡಕ್ಕೆ ಸಿಕ್ಕಿಸಿ ಕೆಳಕ್ಕೆ ಜಗ್ಗಬೇಕು. ಈ ಕೋಲಿನಲ್ಲಿ ಜಗ್ಗುವಂತೆಯೇ ಇಲ್ಲ. ಬ್ರಷ್ಷನ್ನು ಗಾಜಿಗೆ ಒರಗಿಸಿ, ಅದರ ಭಾರವನ್ನು ಗಾಜಿಗೇ ಬಿಟ್ಟು, ಮೈಯನ್ನು ಹಿಂದೆ ಮುಂದೆ ತೂಗಬೇಕು. ಮೊದಲ ದಿನ ನಮ್ಮ ಮನೆಯ ಮಹಡಿಯ ಕಿಟಕಿಯ ಮೇಲೆ ಅಭ್ಯಾಸಕ್ಕೆ ನಿಂತೆ. ಕೋಲು ಮೇಲೆ ಹೋದ ಕೂಡಲೇ ತುದಿ ಒಂದು ಕಡೆ, ನಾನು ಒಂದು ಕಡೆ ಆದೆವು. ಗಾಬರಿಯಲ್ಲಿ ಅಭ್ಯಾಸಬಲದಿಂದ ಜಗ್ಗಿದೆ. ಬ್ರಷ್ಷು ಪಕ್ಕದ ಮನೆಯ ಡಿಶ್ಶಿಗೆ ಸಿಕ್ಕಿಕೊಂಡು ಅದರ ಮುಖ ನೆಲದ ಕಡೆಗೆ ತಿರುಗಿತು. ಒಳಗಿಂದ ಧಾರಾವಾಹಿ ನೋಡುತ್ತಿದ್ದವರೆಲ್ಲ ಹೊರಗೆ ಬಂದರು. ನೀರು ಕೋಲಿನ ಮೇಲೆಯೇ ಇಳಿದು, ತೋಳಿನೊಳಗೆ ಹೊಕ್ಕು, ಕಂಕುಳು ದಾಟಿ, ಪ್ಯಾಂಟಿನ ಕಾಲಿನಿಂದ ಹೊರಗೆ ಹೋಯಿತು. ಆ ದಿನ ಚೊಕ್ಕಟವಾಗಿ ತೊಳೆದದ್ದು ನನ್ನನ್ನು ಮಾತ್ರ.

ಅಣ್ಣ ಏಣಿ ಹೆಗಲಿಗೇರಿಸಿ ಹೊರಡುವುದು ನಿಲ್ಲಲಿಲ್ಲ. ಅವನ ಹೆಜ್ಜೆ ಒಂದು ಕಡೆಗೆ ವಾಲುತ್ತಿತ್ತು. ಅವನು ಹೊರಟ ದಿನ ಅತ್ತಿಗೆ ಸಂಜೆ ಅವನು ಬರುವ ತನಕ ಬಾಗಿಲ ಕಡೆಯೇ ನೋಡುತ್ತಿದ್ದರು. ಕೊನೆಗೆ ಒಂದು ದಿನ ನಾನು ಅವನನ್ನು ಕೆಣಕಿದೆ. ಅತ್ತಿಗೆಯ ತವರಿನ ನೆಂಟರ ಮದುವೆ ನಾಗಮಂಗಲದ ಕಲ್ಯಾಣ ಮಂಟಪದಲ್ಲಿ ಗೊತ್ತಾಗಿತ್ತು. ಸಂಜೆ ಆರತಕ್ಷತೆ, ಮಾರನೇ ದಿನ ಧಾರೆ. ಅದರ ಮುಂಭಾಗದ ಗಾಜಿನ ಗೋಡೆಯನ್ನು ಆರತಕ್ಷತೆಯ ಬೆಳಿಗ್ಗೆ ತೊಳೆದುಕೊಡಲು ಮ್ಯಾನೇಜರು ಅಣ್ಣನಿಗೆ ಹೇಳಿದ್ದರು. "ಆ ಗೋಡೆ ನಂಗ್ ಬುಡಣ್ಣ. ನಿನ್ ಬಟ್ಟೆಗಿಂತ ಚೆನ್ನಾಗಿ ತೊಳ್ದು ತೋರುಸ್ತೀನಿ," ಅಂದೆ.

ಅಣ್ಣ ಎಲೆ ಅಡಿಕೆ ಉಗಿದು ಬಂದು ಹೇಳಿದ: "ತೊಳ್ದು ತೋರ್ಸು. ಅದ್ರಲ್ಲಿ ಒಂದ್ ಕಲೆ ಇಲ್ದಂಗಿದ್ರೆ ನಾನು ಏಣಿ ಮುಟ್ಟಾಕಿಲ್ಲ. ಇದ್ರೆ ಮಾತ್ರ ನೀನು ಆ ದೋಟಿನ ಎತ್ಕೊಂಡ್ ಓಗಿ ಕಾಯಿ ಕೀಳಾಕೆ ಇಟ್ಕೋ, ನನ್ ತಂಟೆಗ್ ಬರ್ಬೇಡ."

ಅಂದರೆ ಅಣ್ಣನ ಸೊಂಟ ಈಗ ನನ್ನ ಕೈಯಲ್ಲಿತ್ತು. ಎರಡು ವಾರ ನಾನು ಬೆವರಿಳಿಸಿ ಅಭ್ಯಾಸ ಮಾಡಿದೆ. ಕತ್ತು ಹಿಂದಕ್ಕೆ ಬಾಗಿ ಬಾಗಿ ಊಟಕ್ಕೆ ಕೂತಾಗಲೂ ಸೂರು ನೋಡುವ ಹಾಗಾಯಿತು. ಹೊರಡುವ ಹಿಂದಿನ ದಿನ ಅತ್ತಿಗೆ ಬಂದು ಆಟೋದಲ್ಲಿ ಇಣುಕಿ ನೋಡಿದರು.

"ಅದೇನೋ ಫಿಲ್ಟರ್ ಕೊಟ್ಟವ್ರಂತಲ್ಲ, ಎಲ್ಲಪ್ಪಾ? ನಮ್ ಕಡೆ ಬೋರ್ ನೀರಲ್ಲಿ ಪಾತ್ರೆ ತೊಳ್ದು ಬಿಸ್ಲಿಗಿಟ್ರೆ ಸುಣ್ಣ ಬಳ್ದಂಗ್ ಆಯ್ತದೆ."

"ನಿಮ್ ಕಡೆ ನೀರು ಯಾರಿಗ್ ಬೇಕು ಅತ್ಗೆ? ನಮ್ ನೀರೇ ತಕ್ಕೊಂಡ್ ಓಯ್ತೀನಿ," ಅಂದೆ. "ಕಾವೇರಮ್ಮಂಗೂ ಫಿಲ್ಟರಾ?"

ಈ ಮಾತನ್ನು ಈಗ ಬರೆಯುವಾಗ ಕೈ ನಾಚುತ್ತದೆ. ಆದರೆ ಹೊಳೆಯ ದಡದ ಊರಿನಲ್ಲಿ ಹುಟ್ಟಿದವರಿಗೆ ಇದೊಂದು ಕಾಯಿಲೆ. ಬೇರೆ ಊರಿಗೆ ಹೋದರೆ ಮೊದಲು ಒಂದು ಲೋಟ ನೀರು ಕುಡಿದು, ಮುಖ ಸಿಂಡರಿಸಿ, "ನಮ್ಮ ಕಡೆ ನೀರು ಹಿಂಗಿರಲ್ಲ" ಅನ್ನದಿದ್ದರೆ ನಮಗೆ ಊಟ ಇಳಿಯುವುದಿಲ್ಲ. ಫಿಲ್ಟರನ್ನು ಮನೆಯ ಮೂಲೆಯಲ್ಲಿಟ್ಟು, ಮಾರನೇ ದಿನ ಬೆಳಗಾಗುತ್ತಲೇ ಹೊಳೆಯ ನೀರನ್ನು ಬಿಳಿ ಪಂಚೆಯಲ್ಲಿ ಸೋಸಿ ಟ್ಯಾಂಕಿನ ಕಂಠದವರೆಗೆ ತುಂಬಿದೆ. ಆಮೇಲೆ ಅತ್ತಿಗೆ, ಅಣ್ಣ, ಅಣ್ಣನ ಏಣಿ, ಕಾವೇರಿ, ನಾನು, ಇಷ್ಟು ಜನ ನಾಗಮಂಗಲಕ್ಕೆ ಹೊರಟೆವು. ಏಣಿಯನ್ನು ಬಿಟ್ಟು ಬರಲು ಅಣ್ಣ ಒಪ್ಪಲಿಲ್ಲ.

ಮಂಟಪದ ಮುಂದೆ ಆಟೋ ನಿಲ್ಲಿಸಿದಾಗ ಹೆಣ್ಣಿನ ಕಡೆಯವರು ಆಗಲೇ ಬಂದಿದ್ದರು. ಅತ್ತಿಗೆಯ ಸೋದರತ್ತೆ, ಎಂಬತ್ತು ದಾಟಿದ ಮುದುಕಿ, ಟ್ಯಾಂಕಿನ ಮೇಲೆ ಕೈಯಿಟ್ಟು, "ಇದೇನಪ್ಪಾ, ನೀರ್ ಮಾರೋನಾ?" ಅಂದಿತು.

"ಮಾರಾಕಲ್ಲ ಕಣಜ್ಜಿ. ಕಾವೇರಿ ನೀರು. ನಮ್ಮೂರ ಹೊಳೇದು, ಗಾಜ್ ತೊಳ್ಯಾಕೆ," ಅಂದೆ. ಇಷ್ಟು ಹೇಳಿ ಸುಮ್ಮನಿರಬಹುದಿತ್ತು. "ಇವತ್ ಬೆಳಿಗ್ಗೆ ತುಂಬಿದ್ದು," ಅಂತ ಸೇರಿಸಿದೆ.

ಮುದುಕಿ ಅಂಗೈ ಒಡ್ಡಿತು. ಸುರಿದೆ. ಕಣ್ಣಿಗೊತ್ತಿಕೊಂಡು, ಕುಡಿದು, ಉಳಿದದ್ದನ್ನು ತಲೆಗೆ ಪ್ರೋಕ್ಷಿಸಿಕೊಂಡಿತು. "ಮದ್ವೆ ಮನೆಗೆ ಕಾವೇರಮ್ಮ ತಾನಾಗೇ ಬಂದವ್ಳೆ ಕಣ್ರವ್ವಾ! ಕಳಸುಕ್ಕೆ ಒಂದ್ ಚೊಂಬು ಕೊಡಪ್ಪಾ," ಅಂದಿತು. ಕಳಶಕ್ಕೆ ನೀರು ಕೇಳಿದರೆ ಇಲ್ಲ ಅನ್ನುವವರುಂಟೇ? ಒಂದು ಚೊಂಬು ಹೋಯಿತು. ಮದುವಣಗಿತ್ತಿಯ ಮಂಗಳಸ್ನಾನಕ್ಕೆ ಎರಡು ಬಿಂದಿಗೆ ಹೋಯಿತು. ಗಂಡಿನ ಕಡೆಯವರಿಗೆ ಸುದ್ದಿ ಮುಟ್ಟಿ, ಹೆಣ್ಣಿಗೆ ಕೊಟ್ಟು ಗಂಡಿಗೆ ಇಲ್ಲವೇ ಅಂತಾಯಿತು. ಅವರಿಗೂ ಎರಡು ಹೋಯಿತು. ಆಮೇಲೆ ಅಡುಗೆಯವರು ಬಂದರು, ಪಾಯಸಕ್ಕೆ ಒಂದು ಕೊಪ್ಪರಿಗೆ. ಆಮೇಲೆ ಮಂಟಪದ ಹಿಂದಿನ ಬೀದಿಯ ಹೆಂಗಸರು, ದೇವರ ಗೂಡಿಗೆ ಅಂತ ಬಕೆಟ್ಟು ಹಿಡಿದು ಬಂದರು. ದೇವರ ಗೂಡಿಗೆ ಬಕೆಟ್ಟು ಯಾಕೆ ಅಂತ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎದೆಯುಬ್ಬಿಸಿ, ಪೈಪು ಹಿಡಿದು, ಹೊಳೆಯನ್ನು ನಾನೇ ಹರಿಸುತ್ತಿದ್ದೇನೆ ಅನ್ನುವ ಗತ್ತಿನಲ್ಲಿ ಎಲ್ಲರಿಗೂ ತುಂಬಿಸಿಕೊಟ್ಟೆ. ಅತ್ತಿಗೆ ದೂರದಿಂದ ಎರಡು ಸಲ ಕೆಮ್ಮಿದರು. ಅವರಿಗೆ ನೆಗಡಿಯಾಗಿದೆ ಅಂದುಕೊಂಡೆ.

ಬಕೆಟ್ಟುಗಳ ಸಾಲು ಮುಗಿದಾಗ ಟ್ಯಾಂಕಿನಲ್ಲಿ ಗೇಣುದ್ದ ನೀರು ಉಳಿದಿತ್ತು. ಗೋಡೆ ತೊಳೆಯಲು ಅದು ಯಾವ ಮೂಲೆಗೂ ಸಾಲದು. ಅಣ್ಣ ನೆರಳಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ. ಮಂಟಪದ ಹಿಂದೆ ಬೋರಿನ ನಲ್ಲಿ ಇತ್ತು. ಪೈಪು ಹಾಕಿ ಟ್ಯಾಂಕಿಗೆ ಬಿಟ್ಟುಕೊಂಡೆ. ಅಷ್ಟು ಬೋರ್ ನೀರಿಗೆ ಇಷ್ಟು ಕಾವೇರಿ ಬೆರೆತರೆ ಕಾವೇರಿಯೇ ಗೆಲ್ಲುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಇದನ್ನು ನಾನು ನಿಜವಾಗಿ ನಂಬಿದ್ದೆ ಅನ್ನುವುದೇ ಇವತ್ತಿಗೂ ನನಗೆ ಸೋಜಿಗ.

ಕೋಲು ಎತ್ತಿದೆ. ಹೂವಿನ ಕಮಾನು ಕಟ್ಟುತ್ತಿದ್ದವರು ಕೆಲಸ ಬಿಟ್ಟು ಬಂದು ನಿಂತರು. ಬ್ರಷ್ಷು ಮೊದಲು "ಸುಸ್ವಾಗತ" ಅನ್ನುವ ಬೋರ್ಡಿಗೆ ತಗುಲಿ, ಅದರ ಒಂದು ಮೊಳೆ ಕಿತ್ತು, ಬೋರ್ಡು ಬಂದವರಿಗೆ ತಲೆಬಾಗಿ ನಮಸ್ಕಾರ ಮಾಡುವ ಹಾಗೆ ವಾಲಿತು. "ಯಜಮಾನ್ರೇ, ಒಂದ್ ಎಳ್ನೀರ್ ಕೆಡುವ್ರಿ," ಅಂತ ಹಿಂದಿನಿಂದ ಯಾರೋ ಕೂಗಿದರು. ಆದರೆ ಎರಡು ವಾರದ ಬೆವರು ಪೂರಾ ದಂಡವಾಗಿರಲಿಲ್ಲ. ಹತ್ತು ನಿಮಿಷದ ಮೇಲೆ ಕೋಲು ನನ್ನ ಮಾತು ಕೇಳತೊಡಗಿತು. ಮೊದಲು ಚೌಕಟ್ಟು, ಆಮೇಲೆ ಗಾಜು, ಮೇಲಿನಿಂದ ಕೆಳಕ್ಕೆ. ಕೆಂಪು ಧೂಳು ನೀರಾಗಿ ಇಳಿಯಿತು. ಗೋಡೆ ತುಂಬ ಆಕಾಶ ಕಾಣಿಸಿತು, ಎದುರಿನ ಹೊಂಗೆ ಮರ ಕಾಣಿಸಿತು, ಕತ್ತು ಮೇಲೆತ್ತಿ ನಿಂತ ನಾನೂ ಕಾಣಿಸಿದೆ.

ಅಣ್ಣ ಎದ್ದು ಬಂದ. ಕೆಳಗಿನಿಂದ ಮೇಲಿನವರೆಗೆ ನೋಡಿದ. "ಪರ್ವಾಗಿಲ್ಲ ಕಣ್ಲಾ," ಅಂದ. ಅಣ್ಣನ ಬಾಯಲ್ಲಿ ಅದು ದೊಡ್ಡ ಬಿರುದು. ಅತ್ತಿಗೆ ನನ್ನ ಕಡೆ ನೋಡಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿ ಒಂದು ವರ್ಷವಾಗಿತ್ತು. ನಾನು ಕಾಫಿ ತರಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಹೂವಿನವರಿಗೆ ನೀರುಕೋಲಿನ ವಿಷಯವಾಗಿ ಸಣ್ಣದೊಂದು ಭಾಷಣ ಮಾಡಿದೆ. ಒರೆಸುವುದು ಹಳೆಯ ಪದ್ಧತಿ ಅಂತ ಹೇಳಿದೆ.

ಭಾಷಣ ಮುಗಿಯುವ ಹೊತ್ತಿಗೆ ಬಿಸಿಲು ಗೋಡೆಯ ಮೇಲೆ ಬಂತು. ಮೊದಲು ಮೇಲಿನ ಸಾಲು ಆರಿತು. ಅಲ್ಲಿ ಏನೋ ಮಬ್ಬಾಗಿ ಕಾಣಿಸಿತು. ನನ್ನ ಕನ್ನಡಕ ಅಂದುಕೊಂಡು ಒರೆಸಿ ಹಾಕಿಕೊಂಡೆ. ಆಮೇಲೆ ಎರಡನೇ ಸಾಲು ಆರಿತು. ಒಂದೊಂದು ಹನಿ ನಿಂತಿದ್ದ ಕಡೆಯೂ ಒಂದೊಂದು ಬಿಳಿ ಚುಕ್ಕೆ ಮೂಡಿತು. ಚುಕ್ಕೆಗಳು ಸೇರಿ ಸುಣ್ಣದ ಗೆರೆಗಳಾದವು. ಹತ್ತು ನಿಮಿಷದಲ್ಲಿ ಆಕಾಶ ಹೋಯಿತು, ಹೊಂಗೆ ಮರ ಹೋಯಿತು, ನಾನೂ ಹೋದೆ. ತೊಳೆಯುವ ಮೊದಲೇ ಗೋಡೆ ಇದಕ್ಕಿಂತ ಲಕ್ಷಣವಾಗಿತ್ತು. ಮ್ಯಾನೇಜರು ಓಡಿ ಬಂದರು. "ಏನ್ ಸ್ವಾಮಿ ಇದು? ಸಂಜೆ ಆರತಕ್ಷತೆ, ಗೋಡೆಗೆ ಚರ್ಮರೋಗ ಬಂದಂಗ್ ಆಗೈತಲ್ಲ!"

ಅಣ್ಣ ಪಂಚೆ ಎತ್ತಿ ಕಟ್ಟಿ, ಬಟ್ಟೆ ಹೆಗಲಿಗೆ ಹಾಕಿ, ಏಣಿ ತಂದು ಗೋಡೆಗೆ ಒರಗಿಸಿದ. ಅತ್ತಿಗೆಯ ಮುಖ ನೋಡುವ ಧೈರ್ಯ ಬರಲಿಲ್ಲ. "ಕೆಳಗ್ ಇಡ್ಕೊಳ್ಲಾ, ಅದಾದ್ರೂ ಬತ್ತದೋ ಇಲ್ವೋ," ಅಂದ ಅಣ್ಣ. ಹೋಗಿ ಹಿಡಿದುಕೊಂಡೆ. ಅವನು ಒಂದೊಂದೇ ಮೆಟ್ಟಿಲು ಹತ್ತಿದ.

ಏಣಿ ನನ್ನ ಕೈಯಲ್ಲಿ ನಡುಗುತ್ತಿತ್ತು. ನಾನೇ ನಡುಗುತ್ತಿದ್ದೇನೆ ಅಂದುಕೊಂಡೆ. ಏಣಿಯ ಹತ್ತಿರ ನಿಂತರೆ ನಡುಗುವುದು ನನ್ನ ವಾಡಿಕೆ. ಕೈ ಬಿಗಿ ಮಾಡಿದೆ. ಆದರೂ ನಡುಗಿತು. ಒಂದು ಕ್ಷಣ ಎರಡೂ ಕೈ ಸಡಿಲಿಸಿ ಬೆರಳ ತುದಿಯನ್ನಷ್ಟೇ ಇಟ್ಟು ನೋಡಿದೆ. ನಡುಕ ಮೇಲಿನಿಂದ ಬರುತ್ತಿತ್ತು. ತಲೆಯೆತ್ತಿದೆ. ಅಣ್ಣನ ಹಿಮ್ಮಡಿ ಮೆಟ್ಟಿಲಿನ ಮೇಲೆ ಪಟಪಟ ಬಡಿದುಕೊಳ್ಳುತ್ತಿತ್ತು. ಬಲಗೈ ಒರೆಸುತ್ತಿತ್ತು, ಎಡಗೈ ಚೌಕಟ್ಟನ್ನು ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ಎಲೆ ಅಡಿಕೆ ಇರಲಿಲ್ಲ, ಊರಿನ ಸಮಾಚಾರವೂ ಇರಲಿಲ್ಲ. ಬಿದ್ದ ದಿನದಿಂದಲೂ ಅವನು ಹೀಗೇ ಹತ್ತುತ್ತಿದ್ದಾನೆ ಅಂತ ನನಗೆ ಆಗ ಹೊಳೆಯಿತು. ಭಯಕ್ಕಿಂತ, ಭಯವಾಗಿದೆ ಅಂತ ಒಪ್ಪಿಕೊಳ್ಳುವುದು ಅವನಿಗೆ ಕಷ್ಟ. ಆ ವಿಷಯದಲ್ಲಿ ನನಗೆ ಅನುಕೂಲವಿದೆ. ನಾನು ಹೇಡಿ ಅನ್ನುವುದು ಊರಿಗೇ ಗೊತ್ತು. ಅವನಿಗೆ ಇಳಿಯಲು ಒಂದು ನೆಪ ಬೇಕಿತ್ತು, ಅದನ್ನು ಕೊಡುವ ಯೋಗ್ಯತೆ ಇಲ್ಲದವನು ಕೆಳಗೆ ಏಣಿ ಹಿಡಿದು ನಿಂತಿದ್ದ.

ಪಕ್ಕದಲ್ಲಿ ದಡಬಡ ಸದ್ದಾಯಿತು. ಅತ್ತಿಗೆ ಯಾರನ್ನೋ ಕಳಿಸಿ, ಬೀದಿ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳನ್ನು ತರಿಸಿದ್ದರು. "ಈ ನೀರಲ್ಲಿ ಉಪ್ಪಿಲ್ಲ ಕಣಪ್ಪ. ನಮ್ ಕಡೆಯೋರು ಬೇಳೆ ಬೇಯ್ಸಾಕೂ ಇದ್ನೇ ತರೋದು. ಸುರ್ಕೊಂಡು ತೊಳಿ," ಅಂದರು. ಏಣಿ ಹಿಡಿಯಲು ಹೂವಿನವನೊಬ್ಬನನ್ನು ನಿಲ್ಲಿಸಿ, ಕಾವೇರಿ ಬೆರೆತ ಬೋರ್ ನೀರನ್ನು ಚರಂಡಿಗೆ ಬಿಟ್ಟು ಕ್ಯಾನು ಸುರಿದುಕೊಂಡೆ. "ಕುಡ್ಯೋ ನೀರ್ನಲ್ಲಿ ಗೋಡೆ ತೊಳಿತಾವ್ನಲ್ಲ, ಇವ್ನಿಗೇನ್ ಬಂತು!" ಅಂತ ಬೆಳಿಗ್ಗೆ ಬಕೆಟ್ಟು ತುಂಬಿಸಿಕೊಂಡು ಹೋಗಿದ್ದ ಹೆಂಗಸೇ ಬೈದರು.

ಏಣಿಯಿಂದ ದೂರ, ಗೋಡೆಯ ಇನ್ನೊಂದು ತುದಿಯಲ್ಲಿ ಕೋಲೆತ್ತಿದೆ. ಮನಸ್ಸಿನಲ್ಲಿ ಒಂದು ಉಪಾಯವಿತ್ತು. ಬೇಕಂತಲೇ ಎಡವಟ್ಟು ಮಾಡಬೇಕು; ಕೆಲಸ ಕೆಡುವುದನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ಅಣ್ಣನದಲ್ಲ. ಆದರೆ ನಾಟಕ ಆಡುವ ಅಗತ್ಯವೇ ಬೀಳಲಿಲ್ಲ. ಬೆಳಗಿನಿಂದ ನೋಯುತ್ತಿದ್ದ ಕತ್ತು, ಸೋತ ತೋಳು, ತುಂಬಿಬಂದ ಕಣ್ಣು, ಎಲ್ಲ ಸೇರಿ ಕೋಲು ಕುಡಿದವನ ಹಾಗೆ ತೂರಾಡಿತು. ನಡುವಿನ ಒಂದು ಕ್ಲಿಪ್ಪು ಹಾಕುವುದನ್ನೇ ಮರೆತಿದ್ದೆ. ಕೋಲು ಸರ್ರನೆ ತನ್ನೊಳಗೆ ತಾನು ಇಳಿದು, ಬ್ರಷ್ಷು ನನ್ನ ತಲೆಯ ಮೇಲೆ ಕೂತು ನೀರು ಬಿಡತೊಡಗಿತು.

"ಅಂಗಲ್ಲ ಕಣ್ಲಾ!" ಮೇಲಿನಿಂದ ಅಣ್ಣ ಕೂಗಿದ. ನಾನು ಮತ್ತೆ ಎತ್ತಿದೆ. "ಬುಡದಿಂದ ಯಾಕ್ಲಾ ಎಳೀತೀಯ, ತುದಿಯಿಂದ ಎಳಿ!" ಒಂದು ಮೆಟ್ಟಿಲು ಇಳಿದ. "ಜಗ್ಗಬೇಡ ಅಂದ್ರೆ! ಗಾಜ್ಗೆ ಒರ್ಗಸ್ಲಾ, ಗಾಜ್ಗೆ!" ಮೂರು ಮೆಟ್ಟಿಲು ಇಳಿದ. ಎರಡು ವಾರ ನನ್ನ ಅಭ್ಯಾಸವನ್ನು ಜಗಲಿಯ ಮೇಲೆ ಕೂತು ಗೇಲಿ ಮಾಡುತ್ತಿದ್ದವನು ಅಷ್ಟರಲ್ಲೇ ಎಲ್ಲವನ್ನೂ ಕಲಿತುಬಿಟ್ಟಿದ್ದ. "ಅಯ್ಯೋ ಬಡ್ಡೆತ್ತೋನೆ, ಬೋರ್ಡು, ಬೋರ್ಡು!" ಅನ್ನುತ್ತಾ ನೆಲಕ್ಕೆ ಕಾಲಿಟ್ಟವನೇ ಕುಂಟುತ್ತಾ ಓಡಿ ಬಂದು ನನ್ನ ಕೈಯಿಂದ ಕೋಲು ಕಿತ್ತುಕೊಂಡ. "ಸರಿ ಅತ್ಲಾಗೆ. ಕೈಯಲ್ಲಿ ಎರಡ್ ಕಾಸಿನ ಕೆಲ್ಸ ಇಲ್ಲ, ಕಂತೆ ಕಂತೆ ಮಾತು."

ಅಷ್ಟು ಸೊಗಸಾದ ಬೈಗುಳವನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಗಾಜಿನ ಮೇಲೆ ಮೂವತ್ತು ವರ್ಷ ಓಡಾಡಿದ ಕೈಗೆ ಗಾಜು ಎಲ್ಲಿ ಏನು ಕೇಳುತ್ತದೆ ಅಂತ ಗೊತ್ತಿತ್ತು. ಬ್ರಷ್ಷು ಒಂದು ಮೂಲೆಯನ್ನೂ ಬಿಡದೆ ಹೋಯಿತು, ತೊಟ್ಟು ನೀರೂ ಅವನ ತೋಳಿಗೆ ಇಳಿಯಲಿಲ್ಲ. ಮೂರು ಗಂಟೆಗೆ ಗೋಡೆ ಆರಿತು, ಒಂದು ಚುಕ್ಕೆ ಇರಲಿಲ್ಲ. ಗೆದ್ದದ್ದು ಯಾರು ಅಂತ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾರನೇ ದಿನ ಧಾರೆ ಮುಗಿಸಿ ಹೊರಡುವಾಗ ಅಣ್ಣ ಏಣಿ ಹುಡುಕಿದ. ಬಿಂಡಿಗನವಿಲೆಗೆ ಸಾಮಾನು ತರಲು ಹೊರಟಿದ್ದ ನೆಂಟರ ಟ್ರಾಕ್ಟರಿನಲ್ಲಿ ಅದನ್ನು ಹಾಕಿ ಕಳಿಸಿದ್ದರು ಅತ್ತಿಗೆ. "ನಮ್ ಸೋದ್ರತ್ತೆ ಮನೆ ಅಟ್ಟ ಅತ್ತಾಕೆ ಒಂದು ಏಣಿ ಬೇಕು ಅಂತಿದ್ರು, ಕೊಟ್ಟೆ," ಅಂದರು. ಅಣ್ಣ ಮನೆಯವರೆಗೂ ಆಟೋದಲ್ಲಿ ನನ್ನನ್ನು ಬೈದುಕೊಂಡು ಬಂದ.

ಅದಾಗಿ ಎರಡು ವರ್ಷವಾಯಿತು. ಈಗ ಇಬ್ಬರೂ ಕೂಡಿ ಕೆಲಸ ಮಾಡುತ್ತೇವೆ. ಫಿಲ್ಟರು ಆಟೋ ಬಿಟ್ಟು ಇಳಿಯುವುದಿಲ್ಲ. ಕಾವೇರಿಯೂ ಅದರೊಳಗಿಂದಲೇ ಬರಬೇಕು. ನಾನು ಪೈಪು ಸುತ್ತುತ್ತೇನೆ, ಮೇಲೆ ಕರೆಂಟಿನ ತಂತಿ ಇದೆಯೇ ನೋಡುತ್ತೇನೆ, ಕೆಳಗಿನ ಸಾಲು ತೊಳೆಯುತ್ತೇನೆ. ಮೇಲಿನದ್ದು ಅಣ್ಣನದು. ಆದರೆ ದಿನವೂ ಕೋಲು ಹಿಡಿದರೆ ಎಂಥ ದಡ್ಡನಿಗೂ ಕೆಲಸ ಬಂದುಬಿಡುತ್ತದೆ, ನನಗೂ ಬಂತು. ಅಣ್ಣನಿಗೆ ಜ್ವರ ಬಂದಿದ್ದ ಒಂದು ದಿನ ಪಾಂಡವಪುರದ ನರ್ಸಿಂಗ್ ಹೋಮನ್ನು ನಾನೊಬ್ಬನೇ ತೊಳೆದೆ. ಆರಿದ ಗಾಜಿನ ಮುಂದೆ ನಿಂತು ನೋಡಿದರೆ ತಪ್ಪು ಹುಡುಕಲು ಜಾಗವಿರಲಿಲ್ಲ. ಕುಣಿಯಬೇಕು ಅನ್ನಿಸಿತು. ಆಗಲೇ ಅಣ್ಣ ಆಗಾಗ ಹೇಳುತ್ತಿದ್ದ ಮಾತು ನೆನಪಾಯಿತು: "ನಿಂಗೆ ಸರ್ಯಾಗಿ ಬಂದ್ ದಿನ ಯೋಳ್ಲಾ, ನಾನು ಇನ್ನೊಂದ್ ಏಣಿ ತಕ್ಕೊಂಡು ನನ್ ದಾರಿ ನೋಡ್ಕೋತೀನಿ."

ನಾನು ಮತ್ತೆ ಕೋಲೆತ್ತಿದೆ. ಎಡಗಡೆಯ ಮೇಲಿನ ಮೂಲೆಗೆ, ಬ್ರಷ್ಷಿಗೆ ಒಂದಷ್ಟು ಕೆಸರು ಹಚ್ಚಿ, ನನಗೆ ಬರುವಷ್ಟು ಚೆನ್ನಾಗಿ ಬಳಿದೆ. ಮಾರನೇ ದಿನ ಅಣ್ಣ ಬಂದು ನೋಡಿ, ಜ್ವರವೆಲ್ಲ ಇಳಿದವನ ಹುರುಪಿನಲ್ಲಿ ನನ್ನನ್ನು ಬೈದು, ಕೋಲು ಕಿತ್ತುಕೊಂಡು ಸರಿ ಮಾಡಿದ. ಅಂದಿನಿಂದ ನನ್ನ ಪಾಲಿಗೆ ಬಂದ ಗಾಜಿನಲ್ಲೆಲ್ಲ ಒಂದು ಮೂಲೆ ಬಿಡುವುದು ನನ್ನ ನೇಮವಾಯಿತು. ಕಿಕ್ಕೇರಿಯಲ್ಲೂ ಬಿಟ್ಟೆ, ಶ್ರೀರಂಗಪಟ್ಟಣದಲ್ಲೂ ಬಿ‌ಟ್ಟೆ. ಇಷ್ಟು ವರ್ಷವಾದರೂ ಕಲಿಯದವನು ಅಂತ ನಾಲ್ಕು ತಾಲ್ಲೂಕಿನ ಮ್ಯಾನೇಜರುಗಳು ನನ್ನನ್ನು ಕನಿಕರದಿಂದ ನೋಡುತ್ತಾರೆ. ನಾನು ಎಂಥ ಜಾಣ ಅಂತ ಒಳಗೊಳಗೇ ಬೀಗುತ್ತಿದ್ದೆ.

ಮೊನ್ನೆ ಕೆ.ಆರ್. ಪೇಟೆಯ ಬಟ್ಟೆ ಅಂಗಡಿಗೆ ಹೋಗಿದ್ದೆವು. ಅಣ್ಣ ಬಿದ್ದಿದ್ದ ಅದೇ ಟೈಲ್ಸಿನ ಮೇಲೆ ನಿಂತು ನಾನು ಒಂದು ಸಾಲು ತೊಳೆದು, ಎಡಗಡೆಯ ಮೇಲಿನ ಮೂಲೆ ಬಿಟ್ಟು, ಕೋಲನ್ನು ಒರಗಿಸಿದೆ. ಅಣ್ಣ ಬಂದು ನೋಡಿದ. ಎಂದಿನಂತೆ, "ಥೂ, ನಿನ್ ಕೈಗಿಷ್ಟು," ಅಂದು ಕೋಲು ತೆಗೆದುಕೊಂಡ. ಬ್ರಷ್ಷು ಮೂಲೆಗೆ ಹೋಯಿತು, ಎರಡು ಸಲ ಆಡಿತು. ಕಣ್ಣು ಗಾಜಿನ ಮೇಲೆಯೇ ಇಟ್ಟು, ಪಕ್ಕದಲ್ಲಿದ್ದ ನನಗಷ್ಟೇ ಕೇಳುವ ಹಾಗೆ ಹೇಳಿದ:

"ಯಾವಾಗ್ಲೂ ಅದೇ ಮೂಲೆ ಯಾಕ್ಲಾ ಬುಡ್ತೀಯ? ಒಸಿ ಬೇರೆ ಬೇರೆ ಮೂಲೆ ಬುಡು. ನಿಮ್ಮತ್ಗೆಗೆ ಗೊತ್ತಾದ್ರೆ ನಗ್ತಾಳೆ."

ಆಮೇಲೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಅಂಗಡಿಯವರ ಜೊತೆ ಊರಿನ ಸಮಾಚಾರಕ್ಕೆ ತೊಡಗಿದ. ನಾನು ಮುಂದಿನ ಗಾಜಿಗೆ ಹೋಗಿ, ಬಲಗಡೆಯ ಮೂಲೆಯೊಂದನ್ನು ಬಿಟ್ಟೆ.